ಅಶ್ವತ್ಥನೆಂಬ ಹೆಸರು

ಚಿಂತಾಮಣಿ ತಾಲ್ಲೂಕಿನ ನಮ್ಮ ವಾಚಕರೊಬ್ಬರು, ವಯೋವೃದ್ಧರು, ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನಿಗೆ ಮದುವೆಯಾಗಿ ಏಳು ವರ್ಷಗಳವರೆಗೆ ಸಂತಾನವಿರಲಿಲ್ಲವಂತೆ. ಮನೆಮಂದಿಯೆಲ್ಲರೂ ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೆ ಹೋಗಿ, ನಾಗಪ್ರತಿಷ್ಠೆ ಮಾಡಿಸಿ, ಹರಕೆ ಹೊತ್ತು ಬಂದರಂತೆ. ಗಂಡು ಶಿಶು ಜನಿಸಿತು. ಕೂಸಿಗೆ ಅಶ್ವತ್ಥನಾರಾಯಣನೆಂದು ಹೆಸರಿಡಬೇಕೆಂಬುದು ತಾತನ ಇಷ್ಟ. ಆತನ ತಂದೆಯ ಹೆಸರೂ ಅದೇ. ಆದರೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೂ ಸೊಸೆಯೂ ಅದನ್ನು ಒಪ್ಪದೆ, ಎರಡೇ ಅಕ್ಷರಗಳ, ಯಾವ ನಿಘಂಟಿನಲ್ಲಿಯೂ ಸಿಕ್ಕದ ಹೆಸರೊಂದನ್ನು ಇಟ್ಟಿರುವರಂತೆ. “ಹರಕೆ ಹೊತ್ತುಕೊಂಡದ್ದು ಮರಕ್ಕೆ, ಹೆಸರು ಬಂದದ್ದು ಮೊಬೈಲಿನಿಂದ, ಇದಕ್ಕೆ ತಾವು ಏನೆನ್ನುತ್ತೀರಿ?” ಎಂದು ಅವರು ನಮ್ಮನ್ನು ಕೇಳಿರುವರು.

ಒಂದು ಮನೆಯ ತೊಟ್ಟಿಲಿನ ಬಳಿಗೆ ಪತ್ರಿಕೆಯವರು ಹೋಗಿ ತೀರ್ಪು ಹೇಳುವುದು ಉಚಿತವಲ್ಲ. ಮಗುವಿಗೆ ಹೆಸರಿಡುವುದು ಹೆತ್ತವರ ಹಕ್ಕು. ತಾತನ ಹಕ್ಕು ಬಹಳವಾದರೆ ಸಲಹೆಯವರೆಗೆ. ಆದರೆ ಈ ವೃದ್ಧರ ಕಾಗದದಲ್ಲಿ ಒಂದು ಮನೆಗೆ ಮೀರಿದ ವಿಷಯವಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳಿಗೆ ತಮ್ಮದೆಂದು ಹೇಳಿಕೊಳ್ಳತಕ್ಕ ಹೆಸರೊಂದು ಇರುವುದಾದರೆ ಅದು ಅಶ್ವತ್ಥ. ಆ ಹೆಸರು ಈಗ ತೊಟ್ಟಿಲುಗಳಿಂದ ಮೆಲ್ಲಮೆಲ್ಲನೆ ಜಾರುತ್ತಿದೆ. ಇದನ್ನು ಕುರಿತು ಎರಡು ಮಾತುಗಳನ್ನು ಬಿನ್ನವಿಸಲು ನಾವು ಬಯಸುತ್ತೇವೆ.

ಭರತಖಂಡದಲ್ಲಿ ಅರಳಿಯ ಮರವಿಲ್ಲದ ಸೀಮೆಯು ಅಪೂರ್ವ. ಅದರ ಬುಡದಲ್ಲಿ ಬ್ರಹ್ಮನನ್ನೂ ನಡುವಿನಲ್ಲಿ ವಿಷ್ಣುವನ್ನೂ ತುದಿಯಲ್ಲಿ ಶಿವನನ್ನೂ ಕಾಣುವ ಪದ್ಧತಿಯು ನಮ್ಮಲ್ಲಿ ಬಹು ಹಿಂದಿನದು. ಸಿಂಧೂ ಕಣಿವೆಯ ಮುದ್ರೆಗಳ ಮೇಲೆ ಅದರ ಎಲೆಯ ಚಿತ್ರವಿದೆ. ಗಯೆಯಲ್ಲಿ ಬುದ್ಧದೇವನಿಗೆ ಬೋಧೆಯಾದುದು ಅದರ ನೆರಳಿನಲ್ಲಿ. ಗೀತೆಯಲ್ಲಿ ಭಗವಂತನು ವೃಕ್ಷಗಳೊಳಗೆ ತಾನೇ ಅಶ್ವತ್ಥನೆಂದು ಹೇಳಿಕೊಂಡಿರುವನು. ಇಷ್ಟು ಮಾನ್ಯತೆಯುಳ್ಳ ಮರವಾದರೂ ಮನುಷ್ಯರಿಗೆ ಅದರ ಹೆಸರನ್ನು ಇಡುವ ರೂಢಿಯು ಎಲ್ಲೆಲ್ಲಿಯೂ ಹಬ್ಬಲಿಲ್ಲ. ಉತ್ತರದವರು ಮರವನ್ನು ಪೀಪಲವೆಂದು ಪೂಜಿಸುವರು. ಮಗುವನ್ನು ಹಾಗೆ ಕರೆಯುವುದು ವಿರಳ. ಕೇರಳದ ಅಶ್ವತಿಯೆಂಬ ಹೆಣ್ಣುಮಕ್ಕಳ ಹೆಸರು ಅಶ್ವಿನೀ ನಕ್ಷತ್ರದ್ದು. ನಮ್ಮ ಅಶ್ವತ್ಥಮ್ಮನಿಗೂ ಅದಕ್ಕೂ ನಂಟಿಲ್ಲ. ದೇಶದಲ್ಲಿ ಇಷ್ಟು ವಿರಳವಾದ ಹೆಸರು ನಮ್ಮ ಸೀಮೆಯಲ್ಲಿ ಮಾತ್ರ ಬೀದಿಗೊಂದರಂತೆ ಸಿಕ್ಕುತ್ತಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತು “ಅಶ್ವತ್ಥಪ್ಪಾ” ಎಂದು ಕೂಗಿದರೆ ನಾಲ್ಕು ತಲೆಗಳಾದರೂ ಹಿಂದಿರುಗಿ ನೋಡುವ ಕಾಲವಿತ್ತು. ಈಗಲೂ ತಿರುಗುವುವು, ಆದರೆ ಅವೆಲ್ಲವೂ ನರೆತ ತಲೆಗಳು.

ಈ ಸಮೃದ್ಧಿಯ ಮೂಲವು ವಿದುರಾಶ್ವತ್ಥ. ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ಆಂಧ್ರದ ಗಡಿಗೆ ಸಮೀಪವಾಗಿ ಈ ಕ್ಷೇತ್ರವಿದೆ. ಕುರುಕ್ಷೇತ್ರದ ಯುದ್ಧಾನಂತರ ಮನಶ್ಶಾಂತಿಯನ್ನು ಅರಸಿ ಬಂದ ವಿದುರನು ಮೈತ್ರೇಯ ಮಹರ್ಷಿಗಳ ಅಪ್ಪಣೆಯಂತೆ ನೆಟ್ಟ ಸಸಿಯೇ ಅಲ್ಲಿಯ ಮಹಾವೃಕ್ಷವಾಯಿತೆಂದು ಸ್ಥಳಪುರಾಣ. ಸಂತಾನವಿಲ್ಲದವರು ಅಲ್ಲಿ ನಾಗರಕಲ್ಲನ್ನು ಪ್ರತಿಷ್ಠೆ ಮಾಡಿಸಿ ಮರಕ್ಕೆ ಪ್ರದಕ್ಷಿಣೆ ಬರುವರು. ತಲೆಮಾರುಗಳಿಂದ ಹೀಗೆ ನಿಲ್ಲಿಸಿದ ಕಲ್ಲುಗಳು ಅಲ್ಲಿ ಸಾವಿರಾರು ಇರುವುವು. ಒಂದೊಂದು ಕಲ್ಲಿನ ಹಿಂದೆಯೂ ಒಬ್ಬ ಹೆಣ್ಣುಮಗಳ ಕಣ್ಣೀರಿದೆ, ಅತ್ತೆಯ ಮನೆಯಲ್ಲಿ ಕೇಳಿದ ಮಾತಿದೆ, ವೈದ್ಯರಿಗೂ ಜೋಯಿಸರಿಗೂ ತೆತ್ತ ಹಣವಿದೆ. ಹರಕೆ ಫಲಿಸಿ ಮಗು ಹುಟ್ಟಿದರೆ ಮರದ ಹೆಸರು ಮಗುವಿಗೆ. ಅಥವಾ ಕಲ್ಲಿನ ಹೆಸರು, ಎಂದರೆ ನಾಗರಾಜ, ನಾಗಮ್ಮ, ನಾಗಣ್ಣ ಮುಂತಾಗಿ. ಕಲ್ಲನ್ನು ನಿಲ್ಲಿಸಿದರೆ ಮಗುವಾಗುವುದೇ ಎಂಬ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಮಗುವಾದಮೇಲೆ ಅದಕ್ಕೆ ಆ ಹೆಸರು ಬಂದದ್ದಂತೂ ಕಣ್ಣಿಗೆ ಕಾಣುವ ಸಂಗತಿ.

ಈ ಹೆಸರಿನ ಲಕ್ಷಣಗಳಲ್ಲಿ ನಮಗೆ ಬಹು ಮುಖ್ಯವಾಗಿ ತೋರುವುದು ಇದು: ಅಶ್ವತ್ಥನಿಗೆ ಜಾತಿಯಿಲ್ಲ. ಬ್ರಾಹ್ಮಣರ ಮನೆಯಲ್ಲಿ ಅಶ್ವತ್ಥನಾರಾಯಣ ರಾಯರು, ವೈಶ್ಯರ ಅಂಗಡಿಯಲ್ಲಿ ಅಶ್ವತ್ಥನಾರಾಯಣ ಶೆಟ್ಟರು, ಒಕ್ಕಲಿಗರಲ್ಲಿ ಅಶ್ವತ್ಥನಾರಾಯಣ ಗೌಡರು, ಅಶ್ವತ್ಥ ರೆಡ್ಡಿಯವರು, ಕೇರಿಯಲ್ಲಿ ಅಶ್ವತ್ಥಪ್ಪ, ಎಲ್ಲರಲ್ಲಿಯೂ ಅಶ್ವತ್ಥಮ್ಮ. ಬಾಲವು ಬೇರೆ; ತಲೆ ಒಂದೇ. ಈ ಹೆಸರಿಗೆ ಭಾಷೆಯ ಗಡಿಯೂ ಇಲ್ಲ. ಮನೆಯಲ್ಲಿ ತೆಲುಗನ್ನಾಡಿ ಪೇಟೆಯಲ್ಲಿ ಕನ್ನಡವನ್ನಾಡುವ ಕುಟುಂಬಗಳು ಚಿಂತಾಮಣಿಯಲ್ಲಿಯೂ ಶಿಡ್ಲಘಟ್ಟದಲ್ಲಿಯೂ ಎಷ್ಟೋ ಇರುವುವು. ಅವರೂ ಅಶ್ವತ್ಥಪ್ಪನೆನ್ನುವರು, ಗಡಿಯಾಚೆ ಹಿಂದೂಪುರದವರೂ ಅಶ್ವತ್ಥಪ್ಪನೆನ್ನುವರು. ಒಂದು ಮಾತನ್ನು ಮಾತ್ರ ಮುಚ್ಚಿಡಲಾಗದು. ಹೆಸರು ಒಂದೇ ಆಗಿದ್ದರೂ ಊರ ಅಶ್ವತ್ಥಕಟ್ಟೆಯ ಮೇಲೆ ಎಲ್ಲ ಅಶ್ವತ್ಥರೂ ಜೊತೆಯಾಗಿ ಕುಳಿತುಕೊಳ್ಳುವಂತಿರಲಿಲ್ಲ. ಪಂಚಾಯಿತಿಯಲ್ಲಿ ಒಬ್ಬ ಅಶ್ವತ್ಥನು ಕಟ್ಟೆಯ ಮೇಲೆ, ಇನ್ನೊಬ್ಬ ಅಶ್ವತ್ಥನು ಕೆಳಗೆ ನೆಲದ ಮೇಲೆ. ಆ ಕಾಲವನ್ನು ನಾವು ಹೊಗಳುವವರಲ್ಲ. ಆದರೆ ಕಟ್ಟೆಯು ಕೊಡದ ಸಮಾನತೆಯನ್ನು ತೊಟ್ಟಿಲು ಕೊಟ್ಟಿತ್ತೆಂಬುದು ಅಲ್ಪ ವಿಷಯವಲ್ಲ. ಇಂದು ಜಾತಿಯನ್ನು ಮರೆಸುವುದಕ್ಕೆಂದು ಎಲ್ಲಿಯದೋ ಹೊಸ ಹೆಸರುಗಳನ್ನು ಹುಡುಕುವ ವಿದ್ಯಾವಂತರು, ಜಾತಿಯನ್ನು ತೋರದ ಹೆಸರೊಂದು ತಮ್ಮ ಅಜ್ಜನ ಮನೆಯಲ್ಲಿಯೇ ಇದ್ದುದನ್ನು ಗಮನಿಸಿದಂತಿಲ್ಲ.

ಹೆಸರಿನ ಅರ್ಥವನ್ನು ಕುರಿತು ಒಂದು ವಿನೋದವಿದೆ. ಕುದುರೆಗಳು ಯಾವುದರ ಕೆಳಗೆ ನಿಲ್ಲುವುವೋ ಅದು ಅಶ್ವತ್ಥವೆಂದು ಕೆಲವರು ಪದವನ್ನು ಬಿಡಿಸುವರು. ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಸಂಸಾರವೃಕ್ಷವನ್ನು ವಿವರಿಸುತ್ತ, ನಾಳೆಯವರೆಗೂ ನಿಲ್ಲದುದು ಅಶ್ವತ್ಥವೆಂದು ಬಿಡಿಸಿರುವರು. ವೇದಾಂತಿಗಳಿಗೆ ಇದು ಸೊಗಸಾದ ಅರ್ಥ. ತೊಟ್ಟಿಲಿನ ಬಳಿಯಲ್ಲಿ ಹೇಳತಕ್ಕ ಅರ್ಥವಲ್ಲ! ಹುಟ್ಟಿದ ಕೂಸು ವರ್ಷ ತುಂಬುವುದೇ ಸಂದೇಹವಾಗಿದ್ದ ದಿನಗಳಲ್ಲಿ, ಹರಕೆಯಿಂದ ಪಡೆದ ಒಂದೇ ಮಗುವಿಗೆ ‘ನಾಳೆ ಇರದವನು’ ಎಂದು ಯಾವ ತಾಯಿ ಹೆಸರಿಟ್ಟಾಳು? ನಮ್ಮ ರೈತರು ಭಾಷ್ಯವನ್ನು ಓದಿ ಹೆಸರಿಟ್ಟವರಲ್ಲ. ಅವರು ನೋಡಿದ್ದು ಮರವನ್ನು. ಅದು ಗೋಡೆಯ ಬಿರುಕಿನಲ್ಲಿ ಬಿದ್ದ ಸಾಸಿವೆಗಿಂತ ಸಣ್ಣ ಬೀಜದಿಂದ ಹುಟ್ಟುವುದು. ಕಿತ್ತು ಹಾಕಿದರೂ ಮತ್ತೆ ಚಿಗುರುವುದು. ಮನೆ ಬಿದ್ದರೂ ತಾನು ಬೀಳದು. ನಾಲ್ಕು ಮಕ್ಕಳನ್ನು ಕಳೆದುಕೊಂಡವಳಿಗೆ ಐದನೆಯದಕ್ಕೆ ಇದಕ್ಕಿಂತ ಗಟ್ಟಿಯಾದ ಹೆಸರು ಎಲ್ಲಿ ಸಿಕ್ಕೀತು? ಪಂಡಿತರ ಅರ್ಥವೂ ಪಾಮರರ ಅರ್ಥವೂ ಒಂದಕ್ಕೊಂದು ತೀರ ವಿರುದ್ಧವಾದ ಹೆಸರು ಇನ್ನೊಂದಿದ್ದರೆ ವಾಚಕರು ತಿಳಿಸಬೇಕು.

ಅಶ್ವತ್ಥಾಮನಿಗೂ ಈ ಹೆಸರಿಗೂ ಗಂಟು ಹಾಕುವವರು ಉಂಟು. ದ್ರೋಣಪುತ್ರನು ಹುಟ್ಟಿದೊಡನೆ ಕುದುರೆಯಂತೆ ಹೇಷಾರವ ಮಾಡಿದನೆಂದು ಭಾರತವು ಅವನ ಹೆಸರಿಗೆ ಕಾರಣ ಹೇಳುವುದು. ಶಾಲೆಯ ಹುಡುಗರು ಅಶ್ವತ್ಥಮ್ಮನನ್ನು ಅಶ್ವತ್ಥಾಮನೆಂದು ಕರೆದು ಅಳಿಸುವುದುಂಟು. ಒಂದು ದೀರ್ಘದಲ್ಲಿ ಎಷ್ಟು ಅಂತರ!

ಇನ್ನು ಈ ಹೆಸರನ್ನು ರಾಷ್ಟ್ರದ ಇತಿಹಾಸದೊಡನೆ ಬೆಸೆದ ಸಂಗತಿಯನ್ನು ಹೇಳಬೇಕು. 1938ನೆಯ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆದ ಬಳಿಕ ಮೈಸೂರು ಸಂಸ್ಥಾನದಲ್ಲೆಲ್ಲ ರಾಷ್ಟ್ರಧ್ವಜವನ್ನು ಹಾರಿಸುವ ಉತ್ಸಾಹವು ಹಬ್ಬಿತು. ಅದೇ ತಿಂಗಳ 25ನೆಯ ತಾರೀಖು ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕವೂ ಜನರ ಲೆಕ್ಕವೂ ಕೂಡಿಬರಲಿಲ್ಲ. ಜನರು ಹೇಳುವುದು 30ಕ್ಕೂ ಮೇಲೆ. 1919ರ ಅಮೃತಸರದ ದುರಂತವನ್ನು ನೆನೆದು ಇದನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿಯಾಗಿದೆ. ಮುಂದಿನ ತಿಂಗಳಲ್ಲಿ ಸರದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಕಾಂಗ್ರೆಸ್ಸಿಗೆ ಸರ್ಕಾರದ ಮಾನ್ಯತೆಯು ದೊರೆಯಿತು. ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನು ಹಾರಿಸಲು ಎಡೆಯಾಯಿತು. ಆ ದಿನ ಅಲ್ಲಿ ನೆರೆದಿದ್ದವರಲ್ಲಿ ಹೆಚ್ಚಿನವರು ಸುತ್ತಣ ಹಳ್ಳಿಗಳ ರೈತಾಪಿ ಜನರು. ಆ ಮರದ ಹರಕೆಯಿಂದ ಹೆಸರು ಪಡೆದ ಅಶ್ವತ್ಥಪ್ಪಂದಿರೂ ಅಶ್ವತ್ಥಮ್ಮಂದಿರೂ ಅವರೊಳಗೆ ಎಷ್ಟು ಮಂದಿ ಇದ್ದರೆಂದು ಯಾರೂ ಎಣಿಸಲಿಲ್ಲ. ಈಗ ಅಲ್ಲಿ ಹುತಾತ್ಮರ ಸ್ಮಾರಕವಿದೆ. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ಅದನ್ನು ತೋರಿಸುವರು. ಆ ಬಸ್ಸಿನೊಳಗೆ ಅಶ್ವತ್ಥನೆಂಬ ಮಗುವು ಒಂದಾದರೂ ಇರುವುದೇ ಎಂಬುದು ನಮ್ಮ ಕುತೂಹಲ.

ಆ ಹಳೆಯ ಮರವು 2001ರಲ್ಲಿ ಉರುಳಿತು. 2007ರಲ್ಲಿ ಈ ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಕನ್ನಡಿಗರೆಲ್ಲರೂ ಬಲ್ಲ ಅಶ್ವತ್ಥರು ಇಬ್ಬರಿದ್ದರು. ಇಬ್ಬರೂ ನಮ್ಮ ಜಿಲ್ಲೆಯವರಲ್ಲದಿದ್ದರೂ ಹೆಸರಿನಿಂದ ನಮಗೆ ನೆಂಟರು. ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥರು 2009ರ ಡಿಸೆಂಬರ್ 29ರಂದು ತೀರಿಕೊಂಡರು. ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟರಾಗಿ ನಾಡಿನ ಕಣ್ಣಲ್ಲಿ ನೀರು ತರಿಸಿದ ಕೆ. ಎಸ್. ಅಶ್ವತ್ಥರು, ಮೂರು ವಾರ ತುಂಬುವುದರೊಳಗಾಗಿ, 2010ರ ಜನವರಿ 18ರಂದು ಅಸ್ತಂಗತರಾದರು. ಇವರಿಬ್ಬರಿಂದ ಅಶ್ವತ್ಥನೆಂದರೆ ಸಂಗೀತಗಾರ, ಅಶ್ವತ್ಥನೆಂದರೆ ಸಜ್ಜನ ಮೇಷ್ಟ್ರು ಎಂಬ ಭಾವನೆ ಒಂದು ತಲೆಮಾರಿನವರೆಗೆ ಇತ್ತು. ಆಮೇಲಿನವರಿಗೆ ಆ ನೆನಪೂ ಮಸುಕಾಗುತ್ತಿದೆ.

ಹಳೆಯದೆಲ್ಲವೂ ಉಳಿಯಬೇಕೆಂದು ನಾವು ಹೇಳುವವರಲ್ಲ. ನಮ್ಮ ಹಿರಿಯರು ಇಟ್ಟ ಹೆಸರುಗಳಲ್ಲಿ ಅಳಿದುಹೋದರೆ ನಷ್ಟವಿಲ್ಲದವೂ ಇರುವುವು. ಹೆಣ್ಣುಮಕ್ಕಳೇ ಹುಟ್ಟುತ್ತಿದ್ದರೆ ಕೊನೆಯವಳಿಗೆ ಸಾಕಮ್ಮನೆಂದು ಹೆಸರಿಡುತ್ತಿದ್ದರು. ಹುಟ್ಟಿದ ದಿನದಿಂದ ಸಾಯುವವರೆಗೆ ‘ನೀನು ಬೇಡವಾಗಿದ್ದವಳು’ ಎಂದು ಊರೆಲ್ಲರಿಂದಲೂ ಕೂಗಿಸಿಕೊಳ್ಳುವ ಶಿಕ್ಷೆ ಅದು. ಮೃತ್ಯುವಿನ ಕಣ್ಣಿಗೆ ಬೀಳದಿರಲೆಂದು ತಿಪ್ಪಯ್ಯ, ತಿಪ್ಪಮ್ಮ ಎಂದಿಟ್ಟದ್ದರಲ್ಲಿ ತಾಯಿಯ ಪ್ರೇಮವಿತ್ತು, ನಿಜ; ಶಾಲೆಗೆ ಹೋದ ಮಗುವಿಗೆ ಆ ಪ್ರೇಮವನ್ನು ತಿಳಿಯಹೇಳುವವರು ಯಾರು? ಅವು ಹೋದರೆ ಹೋಗಲಿ. ಇನ್ನು ಕೆಲವು ಹೆಸರುಗಳನ್ನು ನಾವು ಗೋಡೆಗೆ ಏರಿಸಿ ತೊಟ್ಟಿಲಿಗೆ ಇಳಿಸದೆ ಬಿಟ್ಟಿರುವೆವು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಪಟವು ಈ ಜಿಲ್ಲೆಯ ಕಚೇರಿಗಳಲ್ಲಿ ಧಾರಾಳವಾಗಿ ಕಾಣುವುದು. ಮಗನು ಅವರಂತೆ ಇಂಜಿನಿಯರಾಗಬೇಕೆಂದು ತಂದೆತಾಯಿಗಳು ಸಾಲ ಮಾಡಿ ಓದಿಸುವರು; ವಿಶ್ವೇಶ್ವರನೆಂದು ಮಗನನ್ನು ಕರೆಯುವುದಕ್ಕೆ ಮಾತ್ರ ಅವರಿಗೆ ಸಂಕೋಚ! 1955ರಲ್ಲಿ ಅವರಿಗೆ ಸಂದ ಭಾರತರತ್ನದ ಪದಕಕ್ಕೆ ಅರಳಿ ಎಲೆಯ ಆಕಾರವನ್ನು ಇಟ್ಟಿರುವರು. ಅಶ್ವತ್ಥದ ಎಲೆಯು ರಾಷ್ಟ್ರದ ಅತ್ಯುನ್ನತ ಗೌರವಕ್ಕೆ ಸಾಕಾಗಿರುವಾಗ, ಅದರ ಹೆಸರು ಗೌರಿಬಿದನೂರಿನ ಕೂಸಿಗೆ ಸಾಲದೇ?

ಈ ಹೆಸರನ್ನು ಒಲ್ಲದವರು ಹೇಳುವ ಕಾರಣಗಳು ನಮಗೆ ತಿಳಿಯದವಲ್ಲ. ಉದ್ದವಾಯಿತೆನ್ನುವರು. ಅಶ್ವತ್ಥನಾರಾಯಣನೆಂಬುದು ಉದ್ದವೇ ಸರಿ; ಆದರೆ ಅಶ್ವತ್ಥನೆಂದು ಅಷ್ಟಕ್ಕೇ ನಿಲ್ಲಿಸಲು ಯಾರ ಅಡ್ಡಿಯೂ ಇಲ್ಲ. ಹೆಣ್ಣುಮಗುವಿಗೆ ಅಶ್ವತ್ಥಾ ಎಂದಿಟ್ಟರೆ ಕಿವಿಗೆ ಕಠಿನವೂ ಆಗದು, ಹಳತೆಂದೂ ತೋರದು. ಜನ್ಮನಕ್ಷತ್ರಕ್ಕೆ ಅಕ್ಷರ ಹೊಂದುವುದಿಲ್ಲವೆಂದು ಇನ್ನು ಕೆಲವರು. ಜೋಯಿಸರ ಲೆಕ್ಕದಲ್ಲಿ ಅಕಾರವು ಕೃತ್ತಿಕೆಯ ಮೊದಲನೆಯ ಪಾದಕ್ಕೆ ಸೇರಿದ್ದು. ಹಾಗೆಂದು ನಮ್ಮ ಸೀಮೆಯ ಅಶ್ವತ್ಥಪ್ಪಂದಿರೆಲ್ಲರೂ ಕೃತ್ತಿಕೆಯಲ್ಲಿಯೇ ಹುಟ್ಟಿದರೇ? ಹಿರಿಯರು ನಕ್ಷತ್ರನಾಮವನ್ನು ಮಗುವಿನ ಕಿವಿಯಲ್ಲಿ ಹೇಳಿ, ಹರಕೆಯ ಹೆಸರನ್ನು ಅಂಗಳದಲ್ಲಿ ಕೂಗುತ್ತಿದ್ದರು. ಶಾಸ್ತ್ರಕ್ಕೂ ತೃಪ್ತಿ, ಮರಕ್ಕೂ ತೃಪ್ತಿ. ಈಗ ಹೆಸರನ್ನು ಆರಿಸುವುದಕ್ಕೆ ಮೊಬೈಲಿನಲ್ಲಿ ಪಟ್ಟಿಗಳು ದೊರೆಯುವುವು. ಒಂದೊಂದು ಹೆಸರಿನ ಮುಂದೆಯೂ ಸೂರ್ಯಕಿರಣ, ದೈವಕೃಪೆ, ಮೊದಲ ಬೆಳಕು ಎಂದು ಅರ್ಥವನ್ನು ಬರೆದಿರುವರು. ಇವುಗಳಲ್ಲಿ ಎಷ್ಟೋ ಅರ್ಥಗಳು ಆ ಪಟ್ಟಿಗಳಲ್ಲಿ ಹೊರತು ಬೇರೆಲ್ಲಿಯೂ ಸಿಕ್ಕವು. ಯಾರಲ್ಲಿಯೂ ಇಲ್ಲದ ಹೆಸರು ಬೇಕೆಂಬುದು ಇಂದಿನ ತಂದೆತಾಯಿಗಳ ಅಪೇಕ್ಷೆ. ಸಾವಿರಾರು ಮಂದಿ ಅದೇ ಅಪೇಕ್ಷೆಯಿಂದ ಅದೇ ಪಟ್ಟಿಯನ್ನು ನೋಡುವುದರಿಂದ, ಅಂಗನವಾಡಿಯಲ್ಲಿ ಒಂದೇ ಹೆಸರಿನ ಮೂವರನ್ನು ಅವರ ತಂದೆಯ ಹೆಸರಿನಿಂದ ಗುರುತಿಸಬೇಕಾಗುವುದು. ನಿಜವಾಗಿ ವಿರಳವಾದ ಹೆಸರು ಬೇಕಾದವರಿಗೆ ಇಂದು ಅಶ್ವತ್ಥನೇ ವಿರಳ!

ಒಂದು ಆಕ್ಷೇಪಣೆ ಮಾತ್ರ ನಿಜವಾಗಿ ತೂಕವುಳ್ಳದ್ದು. ಈ ಹೆಸರನ್ನು ಸರಿಯಾಗಿ ಬರೆಯುವವರು ಕಡಮೆ. ತಕಾರಕ್ಕೆ ಥಕಾರದ ಒತ್ತನ್ನು ಕೊಡಬೇಕಾದಲ್ಲಿ ಅಶ್ವಥ, ಅಶ್ವತ, ಅಸ್ವತ್ತ ಎಂದು ಮನಬಂದಂತೆ ಬರೆಯುವರು. ಇಂಗ್ಲಿಷಿನಲ್ಲಿ ಬರೆದರಂತೂ ಗುಮಾಸ್ತರೊಬ್ಬರಿಗೆ ಒಂದೊಂದು ರೂಪ. ಹಿಂದೆ ಇದು ನಗೆಯ ಸಂಗತಿಯಾಗಿತ್ತು. ಈಗ ಹೊಟ್ಟೆಯ ಸಂಗತಿ. ರೈತನ ಪಹಣಿಯಲ್ಲಿ ಅಶ್ವತ್ಥಪ್ಪ, ಆಧಾರಿನಲ್ಲಿ ಅಶ್ವಥಪ್ಪ, ಬ್ಯಾಂಕಿನ ಪುಸ್ತಕದಲ್ಲಿ ಅಸ್ವತಪ್ಪ ಎಂದಿದ್ದರೆ, ಮೂವರೂ ಒಬ್ಬನೇ ಎಂದು ಸಾಧಿಸುವ ಭಾರವು ಆ ರೈತನ ಮೇಲೆಯೇ ಬೀಳುವುದು. ಬೆಳೆ ಪರಿಹಾರದ ಹಣವು ನಿಲ್ಲುವುದು. ಛಾಪಾ ಕಾಗದ, ನೋಟರಿ, ಪ್ರಮಾಣಪತ್ರ ಎಂದು ತಾಲ್ಲೂಕು ಕಚೇರಿಗೆ ಅಲೆದಾಟವಾಗುವುದು. ಇಷ್ಟು ಪಾಡುಪಟ್ಟ ತಂದೆಯು ತನ್ನ ಮಗನಿಗೆ ಸುಲಭವಾದ ಹೆಸರನ್ನು ಹುಡುಕಿದರೆ ಅವನನ್ನು ನಾವು ದೂರಲಾರೆವು. ಕನ್ನಡ ನಾಡಿನಲ್ಲಿ, ಕನ್ನಡದ ಲಿಪಿಯಲ್ಲಿ, ನಮ್ಮ ಜಿಲ್ಲೆಯ ಹೆಸರೊಂದನ್ನು ನಮ್ಮವರೇ ಬರೆಯಲಾರದೆ ಹೋಗಿ, ಆ ತಪ್ಪಿನ ದಂಡವನ್ನು ಹೆಸರುಳ್ಳವನಿಂದ ವಸೂಲು ಮಾಡುವುದು ನ್ಯಾಯವೇ? ಒಂದು ಒತ್ತಕ್ಷರದ ಭೇದಕ್ಕೆ ಪ್ರಮಾಣಪತ್ರವನ್ನು ಕೇಳದೆ, ಗ್ರಾಮಲೆಕ್ಕಿಗರ ಸ್ಥಳ ವಿಚಾರಣೆಯಿಂದಲೇ ಇತ್ಯರ್ಥ ಮಾಡುವಂತೆ ಸರ್ಕಾರವು ಸ್ಪಷ್ಟವಾದ ಆಜ್ಞೆಯನ್ನು ಹೊರಡಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಹೊಸದಾಗಿ ಹುಟ್ಟುವ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆಯು ಇನ್ನೂ ಅವಶ್ಯಕ. ಜನನ ಮರಣ ನೋಂದಣಿಯ ಶಾಸನವು 1969ರದು. ಅದಕ್ಕೆ 2023ರಲ್ಲಿ ಆದ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆ ತಾರೀಖಿನಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ವಾಹನದ ಲೈಸೆನ್ಸು, ಪಾಸ್‌ಪೋರ್ಟು ಮುಂತಾದುವಕ್ಕೆಲ್ಲ ಜನನಪತ್ರವೇ ಆಧಾರ. ಹಿಂದಿನ ಕಾಲದಂತೆ ಶಾಲೆಯ ಉಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ತಿದ್ದಿ ಬರೆದುಕೊಳ್ಳುವಂತಿಲ್ಲ. ಮೊದಲ ದಿನ ಬರೆದ ಅಕ್ಷರವೇ ಜನ್ಮಪರ್ಯಂತ ಹಿಂಬಾಲಿಸುವುದು. ಆದಕಾರಣ ಹೆಸರನ್ನು ಬಾಯಲ್ಲಿ ಹೇಳಿ ಬರಬಾರದು. ಮನೆಯಲ್ಲಿಯೇ ದಪ್ಪಕ್ಷರದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಚೀಟಿಯನ್ನು ಕೊಟ್ಟು, ಪತ್ರವನ್ನು ಪಡೆಯುವಾಗ ಅಕ್ಷರ ಅಕ್ಷರವಾಗಿ ಓದಿನೋಡಬೇಕು. ಅವಸರಪಡುವ ಕಾರಣವೂ ಇಲ್ಲ. ಜನನವನ್ನು 21 ದಿವಸಗಳೊಳಗಾಗಿ ತಿಳಿಸಬೇಕು, ಆದರೆ ಹೆಸರನ್ನು ಆಗಲೇ ಬರೆಯಿಸಬೇಕೆಂಬ ಕಟ್ಟಿಲ್ಲ. ನೋಂದಣಿಯಾದ 12 ತಿಂಗಳವರೆಗೆ ಯಾವ ಶುಲ್ಕವೂ ಇಲ್ಲದೆ ಹೆಸರನ್ನು ಸೇರಿಸಬಹುದು; ಅಲ್ಲಿಂದ ಮುಂದೆ 15 ವರ್ಷಗಳವರೆಗೆ ಶುಲ್ಕ ತೆತ್ತು ಸೇರಿಸಬಹುದು. ತಾತನಿಗೂ ಮಗನಿಗೂ ಒಮ್ಮತವಾಗುವುದಕ್ಕೆ ಒಂದು ವರ್ಷವು ಸಾಕಷ್ಟು ದೀರ್ಘವಾದ ಅವಧಿ. ಹೆಸರಿನ ಕಾಲಂ ಇನ್ನೂ ಖಾಲಿಯಿರುವ ಶಿಶುಗಳು ಈ ನಾಲ್ಕು ತಾಲ್ಲೂಕುಗಳ ದಾಖಲೆಗಳಲ್ಲಿ ಇಂದೂ ಇದ್ದೇ ಇರಬೇಕು.